ಗಿರಿಜಾಬಾಯಿಯವರಿಗೆ ಬಂದ ಸೊನ್ನೆ

ಸೊಲ್ಲಾಪುರದ ಚಾಟಿ ಗಲ್ಲಿಯಿಂದ ಹಿಡಿದು ಅಕ್ಕಲಕೋಟೆಯವರೆಗೆ ಹಬ್ಬಿರುವ ಒಡಪಿನ ಸಾಮ್ರಾಜ್ಯಕ್ಕೆ ಒಬ್ಬರೇ ಮಹಾರಾಣಿ. ಅವರೇ ಚಾದರದ ಅಂಗಡಿ ಸಾತಲಿಂಗಪ್ಪನವರ ಧರ್ಮಪತ್ನಿ ಗಿರಿಜಾಬಾಯಿ. ಹೆಂಡತಿಯಾದವಳು ಗಂಡನ ಹೆಸರನ್ನು ಸುಮ್ಮನೆ ಬಾಯಿಗೆ ತರಬಾರದು, ತರಲೇಬೇಕಾದರೆ ಪ್ರಾಸ ಕಟ್ಟಿ ಒಡಪಿನೊಳಗೆ ಇಟ್ಟು ಹೇಳಬೇಕು ಎಂಬುದು ನಮ್ಮ ಕಡೆಯ ಹಳೆಯ ಕಾಯಿದೆ. ಉಳಿದ ಹೆಂಗಸರು ತಮ್ಮ ಮದುವೆಯ ದಿನ ಉರು ಹೊಡೆದ ಎರಡು ಸಾಲನ್ನೇ ಮೊಮ್ಮಕ್ಕಳ ಮದುವೆಯಲ್ಲೂ ಒಪ್ಪಿಸಿ ಪಾರಾಗುತ್ತಾರೆ. ಗಿರಿಜಾಬಾಯಿಯವರು ಒಮ್ಮೆ ಹೇಳಿದ ಒಡಪನ್ನು ಮತ್ತೆ ಮುಟ್ಟಿದವರಲ್ಲ. ಆಧಾರ್ ಕಾರ್ಡಿನ ಹುಡುಗ "ಯಜಮಾನರ ಹೆಸರು?" ಎಂದು ಕೇಳಿದ್ದಕ್ಕೆ,

"ಪಾಳ್ಯಾಗ ನಿಂತು ನಿಂತು ಬತ್ತಿ ಹೋತು ಬಾಯಿ,
ಸಾತಲಿಂಗಪ್ಪ ಅಂತ ಬರಿ, ನಾ ಗಿರಿಜಾಬಾಯಿ"

ಎಂದು ಹೇಳಿ, ಹಿಂದೆ ನಿಂತಿದ್ದ ಇಡೀ ಪಾಳಿಯಿಂದ ಚಪ್ಪಾಳೆ ಗಿಟ್ಟಿಸಿದ್ದರು.

ಇಂಥ ನಾಲಿಗೆಯೂ ಗಂಡಸರ ಮುಂದೆ ಆಡದ ಪದ ಒಂದಿತ್ತು. ಅದು ಎದೆ. ಗಂಡಸಿಗೆ ಎದೆ ಎಂದರೆ ಪರಾಕ್ರಮ, ನಾಲ್ಕು ಜನರ ನಡುವೆ ತಟ್ಟಿಕೊಳ್ಳುವ ವಸ್ತು. ಹೆಂಗಸಿಗೆ ಅದು ಸೆರಗಿನ ಒಳಗಿನ ವಿಷಯ. ಅಲ್ಲಿ ಉರಿಯಲಿ, ಹಿಂಡಲಿ, ಭೂಕಂಪವೇ ಆಗಲಿ, ನಮ್ಮ ಗಲ್ಲಿಯ ಹೆಂಗಸರು ಹೇಳುವುದು ಒಂದೇ ಮಾತು: "ಪಿತ್ತ ಆಗ್ಯದ."

ಹೋದ ವರ್ಷ ವ್ಯಾಪಾರಿಗಳ ಸಂಘದವರು ಒಂದು ಸ್ಕ್ಯಾನ್ ಸೆಂಟರಿನ ಜೊತೆ ಮಾತಾಡಿ ಹೃದಯ ತಪಾಸಣೆಯ ಯೋಜನೆಯೊಂದನ್ನು ತಂದರು. ಗಂಡ ದುಡ್ಡು ಕೊಟ್ಟರೆ ಹೆಂಡತಿಗೆ ಪುಕ್ಕಟೆ. ಸಾತಲಿಂಗಪ್ಪನವರು ಹುಟ್ಟಿದಾಗಿನಿಂದ ಚಾದರವನ್ನು ಜೋಡಿಯಲ್ಲೇ ಮಾರಿದವರು. ಜೋಡಿಯಲ್ಲಿ ಬರುವ ಲಾಭವನ್ನು ಬಿಟ್ಟರೆ ಮೂರು ತಲೆಮಾರಿನ ಹಿರಿಯರು ಕನಸಿನಲ್ಲಿ ಬಂದು ಬೈದಾರು ಎಂದು ಹೆಂಡತಿಯನ್ನೂ ಹೊರಡಿಸಿದರು.

ಸೂಜಿಯಿಲ್ಲ, ಔಷಧವಿಲ್ಲ. ದೊಡ್ಡ ಬಳೆಯಂಥ ಯಂತ್ರದೊಳಗೆ ಮಲಗಿ ಎದ್ದು ಬರುವುದು, ಅಷ್ಟೇ. ಹೃದಯಕ್ಕೆ ರಕ್ತ ಒಯ್ಯುವ ನಾಳಗಳ ಗೋಡೆಯಲ್ಲಿ ಎಷ್ಟು ಸುಣ್ಣ ಕಟ್ಟಿದೆ ಎಂದು ಯಂತ್ರ ಎಣಿಸಿ ಒಂದು ಅಂಕೆ ಕೊಡುತ್ತದೆ. ಅಂಕೆ ಹೆಚ್ಚಿದಷ್ಟೂ ಹೃದಯಕ್ಕೆ ಅಪಾಯ. ಸಾತಲಿಂಗಪ್ಪನವರು ತ್ರಿಶತಕ ಬಾರಿಸಿ ಮುನ್ನೂರ ಹನ್ನೆರಡಕ್ಕೆ ನಿಂತರು. ಗಿರಿಜಾಬಾಯಿಯವರು ಸೊನ್ನೆಗೆ ಔಟಾದರು.

ಅಂದಿನಿಂದ ಚಾಟಿ ಗಲ್ಲಿಯಲ್ಲಿ ಮುನ್ನೂರ ಹನ್ನೆರಡರ ಯುಗ ಆರಂಭವಾಯಿತು. ಸಾತಲಿಂಗಪ್ಪನವರಿಗೆ ಎಲ್ಲಿಯೂ ನೋವಿರಲಿಲ್ಲ, ಆಯಾಸವಿರಲಿಲ್ಲ, ಹಸಿವಂತೂ ಮೊದಲಿಗಿಂತ ಹೆಚ್ಚಿತ್ತು. ಡಾಕ್ಟರು ಕೊಟ್ಟ ಗುಳಿಗೆ ನುಂಗಿ, ಅಂಗಡಿಯ ಗಾದಿಯ ಮೇಲೆ ಲೋಡುದಿಂಬಿಗೆ ಒರಗಿ, ಶರಶಯ್ಯೆಯ ಭೀಷ್ಮನಂತೆ ಬಂದವರಿಗೆಲ್ಲ ದರ್ಶನ ಕೊಡತೊಡಗಿದರು. ಬೀಗರು ಸೇಬು ತಂದರು. ಮೈಂದರ್ಗಿಯಿಂದ ತಂಗಿ ತುಳಜಾಬಾಯಿ ಗುಡಿಯ ಬೂದಿ ಅಂಗಾರ ತಂದು ಹಣೆಗೆ ಹಚ್ಚಿ ಅತ್ತು ಹೋದಳು. ಎಲ್ಲರ ಮುಂದೆ ಇವರು ಎದೆ ತಟ್ಟಿಕೊಂಡು, "ಎದಿ ಅಂದ್ರ ಹಿಂಗಿರ್ಬೇಕು ನೋಡ್ರಿ, ಮುನ್ನೂರ ಹನ್ನೆರಡು! ಮನಿಯಾಕಿದು ಬರೇ ಸೊನ್ನಿ," ಎನ್ನುತ್ತಿದ್ದರು.

ಈ ದರ್ಶನಾರ್ಥಿಗಳಿಗೆಲ್ಲ ಚಹಾ ಮಾಡುತ್ತಿದ್ದುದು ಸೊನ್ನೆ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಏಣಿಯ ತಮ್ಮನಂಥ ಕಡಿದಾದ ಮೆಟ್ಟಿಲು. ಮೊದಲೆಲ್ಲ ಗಿರಿಜಾಬಾಯಿಯವರು ಮಾತುಮಾತಿಗೆ ದಡದಡ ಇಳಿದು ಬಂದು ಗಿರಾಕಿಗೂ ಗಂಡನಿಗೂ ಒಟ್ಟಿಗೇ ದಬಾಯಿಸಿ ಹತ್ತಿ ಹೋಗುತ್ತಿದ್ದರು. ಈಚೆಗೆ ಮಾತ್ರ ಮೇಲಿನ ಕಿಟಕಿಯಿಂದ ಹಗ್ಗ ಕಟ್ಟಿದ ಒಂದು ಬುಟ್ಟಿ ಇಳಿಯತೊಡಗಿತ್ತು. ಚಹಾ ಬುಟ್ಟಿಯಲ್ಲಿ, ಡಬ್ಬಿ ಬುಟ್ಟಿಯಲ್ಲಿ, ಬೈಗುಳ ಮಾತ್ರ ಗಾಳಿಯಲ್ಲಿ.

"ಸಾವಕಾರ್ತಿ ಗತ್ತು ಹೆಚ್ಚಾಗ್ಯದ, ಈಗ ಕೆಳಗ ಇಳಿಯೂದೇ ಇಲ್ಲ," ಎಂದು ಗಲ್ಲಿ ನಕ್ಕಿತು.

ಗತ್ತಲ್ಲ ಎಂದು ಗೊತ್ತಿದ್ದವಳು ಸೊಸೆ ರೂಪಾಲಿ ಒಬ್ಬಳೇ. ಅತ್ತೆ ಮೆಟ್ಟಿಲ ನಡುವೆ ನಿಂತು ಗೋಡೆ ಹಿಡಿಯುವುದನ್ನು ಆಕೆ ನೋಡಿದ್ದಳು. ಬೆನ್ನ ನಡುವೆ ಯಾರೋ ಹಿಂಡಿದಂತಾಗಿ, ಅದು ದವಡೆಯವರೆಗೆ ಏರುತ್ತಿತ್ತಂತೆ. ರೊಟ್ಟಿ ಬಡಿಯುವಷ್ಟರಲ್ಲಿ ಹೊಲ ಉತ್ತಷ್ಟು ದಣಿವಂತೆ.

"ಅತ್ತಿ, ಒಮ್ಮಿ ಡಾಕ್ಟರಿಗಿ ತೋರಸ್ರಿ."

"ಏನ ತೋರಸ್ಲಿ ಬಾಯಿ? ಯಂತ್ರಾನೇ ಸೊನ್ನಿ ಅಂದದ. ಯಂತ್ರದ ಮುಂದ ನಾ ದೊಡ್ಡಾಕಿ ಏನು? ಪಿತ್ತ ಅದ, ಹೋಗ್ತದ."

ಪಿತ್ತ ಹೋಗಲಿಲ್ಲ, ಅಕ್ಕಲಕೋಟೆಗೂ ಜೊತೆಯಲ್ಲೇ ಬಂತು. ತುಳಜಾಬಾಯಿಯ ಮಗಳು ಸಾಯಲಿಯ ಮದುವೆ ಅಲ್ಲಿನ ಮಂಗಲ ಕಾರ್ಯಾಲಯದಲ್ಲಿ. ಊಟದ ಮನೆ ಕೆಳಗೆ, ಮಂಟಪ ಮಹಡಿಯ ಮೇಲೆ. ಅಕ್ಷತೆ ಬಿದ್ದದ್ದೇ ಹೆಂಗಸರೆಲ್ಲ ಸೇರಿ ಕೆಳಗೇ ಕೂತಿದ್ದ ಮಹಾರಾಣಿಯನ್ನು ಮೆಟ್ಟಿಲು ಹತ್ತಿಸಿಕೊಂಡು ಬಂದರು. ಗಂಡಿನ ಕಡೆಯವರಿಗೆ ಒಡಪಿನ ರುಚಿ ತೋರಿಸಬೇಕಿತ್ತು. ಮೈಕು ಕೈಗೆ ಬಂತು. ಗಿರಿಜಾಬಾಯಿಯವರು ಸೆರಗು ಹೊದ್ದು, ಕೊರಳು ಸರಿಮಾಡಿಕೊಂಡು ಶುರು ಮಾಡಿದರು:

"ಅಕ್ಕಲಕೋಟಿ ಮಂಟಪದಾಗ ಮಲ್ಲಿಗಿ ಹೂವಿನ ದಂಡಿ..."

ಎರಡನೆಯ ಸಾಲು ಬರಲಿಲ್ಲ.

ಸೂರ್ಯ ಪಶ್ಚಿಮಕ್ಕೆ ಹುಟ್ಟಿದ್ದರೂ ಸಭೆ ಇಷ್ಟು ಬೆಚ್ಚುತ್ತಿರಲಿಲ್ಲ. ಅವರ ಒಂದು ಕೈ ದವಡೆಯ ಮೇಲಿತ್ತು, ಹಣೆಯಲ್ಲಿ ಬೆವರಿತ್ತು. ಮೈಕು ಕುರ್ಚಿಯ ಮೇಲೆ ಬಿತ್ತು. ಆಮೇಲೆ ಅವರೂ ಕುರ್ಚಿಯ ಮೇಲೆ ಕೂತರು. ತಕ್ಷಣ ಹೆಂಗಸರ ವೈದ್ಯಮಂಡಳಿ ಸೇರಿತು. ಪಿತ್ತಕ್ಕೆ ಲಿಂಬು, ಪಿತ್ತಕ್ಕೆ ಸೋಡಾ, ಪಿತ್ತಕ್ಕೆ ಬೆಲ್ಲ ನೀರು. ಆ ಗದ್ದಲದ ನಡುವೆ ರೇಷ್ಮೆ ಸೀರೆಯ ಒಬ್ಬಾಕೆ ಬಂದು ಸುಮ್ಮನೆ ಅವರ ಮಣಿಕಟ್ಟು ಹಿಡಿದು ಕೂತಳು. ಅಕ್ಕಲಕೋಟೆಯಲ್ಲೇ ಹುಟ್ಟಿ ಬೆಳೆದು, ಈಗ ಸೊಲ್ಲಾಪುರದಲ್ಲಿ ಹೃದಯದ ಡಾಕ್ಟರಾಗಿರುವ ಉಜ್ವಲಾ. ಊಟವನ್ನೂ ಬಿಟ್ಟು ಗಿರಿಜಾಬಾಯಿಯವರನ್ನು ಹತ್ತಿರದ ದವಾಖಾನೆಗೆ ಒಯ್ದು, ಇಸಿಜಿ ತೆಗೆಸಿ, ರಕ್ತ ಪರೀಕ್ಷೆ ಮಾಡಿಸಿದಳು.

"ಈಗ ಗಾಬರಿ ಆಗೂದು ಬ್ಯಾಡ್ರಿ. ಆದ್ರ ಇದು ಪಿತ್ತ ಅಲ್ಲ. ನಾಳಿ ಮುಂಜಾನಿ ನನ್ನ ಕಡಿ ಬರ್ರಿ."

ಮರುದಿನ ಸಾತಲಿಂಗಪ್ಪನವರು, ಮಗ ಶೈಲೇಶ, ಗಿರಿಜಾಬಾಯಿ ಮೂವರೂ ಹೋದರು. ರೂಢಿಯ ಬಲದಿಂದ ಸಾತಲಿಂಗಪ್ಪನವರೇ ಪೇಶಂಟಿನ ಕುರ್ಚಿಯಲ್ಲಿ ಕೂತು ಅಂಗಿಯ ಗುಂಡಿ ಬಿಚ್ಚತೊಡಗಿದರು.

"ಸಾವಕಾರ್ರ, ಇವತ್ತ ನಿಮ್ಮ ಪಾಳಿ ಅಲ್ಲ. ಆ ಕಡಿ ಕುಂದ್ರಿ," ಎಂದಳು ಉಜ್ವಲಾ. "ಬಾಯಿ, ಎಲ್ಲಿ ಹಿಡಿತದ ಹೇಳ್ರಿ."

"ಬೆನ್ನಾಗ."

"ಮತ್ತ?"

"ದವಡ್ಯಾಗ."

"ಮುಂದಗಡಿ?"

ಗಿರಿಜಾಬಾಯಿಯವರು ಗಂಡನನ್ನು ನೋಡಿದರು, ಮಗನನ್ನು ನೋಡಿದರು, ಆಮೇಲೆ ತಿರುಗುವ ಫ್ಯಾನನ್ನು ನೋಡಿದರು. ಸೆರಗು ಇನ್ನೊಂದು ಸುತ್ತು ಬಿಗಿಯಾಯಿತು.

"ಅಕಿದು ಸೊನ್ನಿ ಅದರಿ ಡಾಕ್ಟರಬಾಯಿ," ಎಂದು ಆ ಕಡೆಯ ಕುರ್ಚಿಯಿಂದ ದನಿ ಬಂತು. "ನಂದು ಮುನ್ನೂರ..."

"ಗೊತ್ತದರಿ. ಇಡೀ ಸೊಲ್ಲಾಪುರಕ್ಕ ಗೊತ್ತದ." ಉಜ್ವಲಾ ಪೆನ್ನು ಕೆಳಗಿಟ್ಟಳು. "ಬಾಯಿ, ನಿನ್ನಿ ನಿಮ್ಮ ಒಡಪು ಅರ್ಧಕ್ಕ ನಿಂತದ. ನಾ ಅಕ್ಕಲಕೋಟಿಯಾಕಿ, ಅರ್ಧ ಒಡಪು ಬಿಟ್ಟು ಕಳಸಾಕಿ ಅಲ್ಲ. ಹೊಸಾದೊಂದು ಕಟ್ಟಿ ಇಲ್ಲೇ ಹೇಳ್ರಿ. ಆದ್ರ ನೋವು ಎಲ್ಲಿ ಅನ್ನೂದು ಅದರಾಗ ಬರಬೇಕು."

ಸವಾಲು! ಬಿದ್ದ ಮಹಾರಾಣಿಯ ಕಣ್ಣು ಹೊಳೆಯಿತು. ಬರಿದೇ ಬಾಯಲ್ಲಿ ಹೇಳಬಾರದ ಹೆಸರಿಗೆ ಒಡಪಿನಲ್ಲಿ ಪರವಾನಗಿ ಇದೆ ಎಂದಮೇಲೆ, ಹೇಳಬಾರದ ಪದಕ್ಕೆ ಯಾಕಿಲ್ಲ? ಅವರು ಬೆನ್ನು ನೆಟ್ಟಗೆ ಮಾಡಿ ಕೂತರು.

"ಮನಿ ಮೆಟ್ಟಲಾ ಹತ್ತಿದ್ರ ಎದಿಮ್ಯಾಗ ಕುಂದರ್ತದ ಕಲ್ಲ,
ಸಾತಲಿಂಗಪ್ಪ ಸಾವಕಾರ್ರಿಗಿ ಇದರ ಖಬರೇ ಇಲ್ಲ."

ನಲವತ್ತು ವರ್ಷದಲ್ಲಿ ತಮ್ಮ ಹೆಸರು ಒಡಪಿನಲ್ಲಿ ಬಂದಾಗಲೆಲ್ಲ ಸಾತಲಿಂಗಪ್ಪನವರು ಮೀಸೆಯಲ್ಲೇ ನಗುತ್ತಿದ್ದರು. ಈ ಸಲ ಮೀಸೆ ಅಲುಗಲಿಲ್ಲ. ಹೆಂಡತಿಯ ಕಡೆ ತಿರುಗಿ ಕೇಳಿದರು:

"ಹಂಗಾದ್ರ... ಆ ಬುಟ್ಟಿ?"

"ಹೂಂ ರಿ," ಎಂದರು ಗಿರಿಜಾಬಾಯಿ. "ಮೆಟ್ಟಲಾ ಇಳದ್ರ ಮತ್ತ ಹತ್ತಬೇಕಲ್ಲ."

ಈ ಸಲದ ಸ್ಕ್ಯಾನು ಬೇರೆ. ಹೃದಯ ನಿಧಾನವಾಗಿ ಬಡಿಯಲಿ ಎಂದು ಮೊದಲು ಗುಳಿಗೆ, ಆಮೇಲೆ ಕೈಯ ರಕ್ತನಾಳದೊಳಗೆ ಬಣ್ಣದ ಔಷಧ. ಆ ಔಷಧ ಹರಿದಲ್ಲೆಲ್ಲ ನಾಳದ ಒಳಗಿನ ದಾರಿ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಮೈಯೆಲ್ಲ ಬಿಸಿಯಾದಾಗ ಗಿರಿಜಾಬಾಯಿಯವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಯಂತ್ರವೇ "ಉಸಿರು ಹಿಡಿಯಿರಿ" ಎಂದು ಹಿಂದಿಯಲ್ಲಿ ಅಪ್ಪಣೆ ಮಾಡಿತು. ಚಾಟಿ ಗಲ್ಲಿಯಲ್ಲಿ ಯಾರಿಗೂ ಸಾಧ್ಯವಾಗದಿದ್ದ ಕೆಲಸವನ್ನು ಅದು ಸಾಧಿಸಿತು. ಅವರು ಸುಮ್ಮನಾದರು.

ಉಜ್ವಲಾ ಗಂಡ ಹೆಂಡತಿ ಇಬ್ಬರ ಚಿತ್ರಗಳನ್ನೂ ಪಕ್ಕಪಕ್ಕ ತೆರೆದಳು. ಸಾತಲಿಂಗಪ್ಪನವರ ನಾಳದ ಗೋಡೆಯಲ್ಲಿ ಅಲ್ಲೊಂದು ಇಲ್ಲೊಂದು ಸುಣ್ಣದ ಬಿಳಿ ಗಂಟು, ಕುರುಡನಿಗೂ ಕಾಣುವಂತೆ. ಗಿರಿಜಾಬಾಯಿಯವರ ಚಿತ್ರದಲ್ಲಿ ಗಂಟೇ ಇಲ್ಲ.

"ನೋಡ್ರಿ, ಏನಿಲ್ಲ," ಎಂದ ಶೈಲೇಶ, ಆಸೆಯಿಂದ.

"ಅಲ್ಲೇ ಮೋಸ ಆಗೂದು," ಎಂದಳು ಉಜ್ವಲಾ. "ಮೊದಲಿನ ಯಂತ್ರ ಎಣಿಸಿದ್ದು ಸುಣ್ಣ ಅಷ್ಟೇ. ನಿಮ್ಮ ಅವ್ವಗ ಕಟ್ಟಿದ ಜಿಡ್ಡು ಇನ್ನಾ ಸುಣ್ಣ ಆಗಿಲ್ಲ, ಮೆತ್ತಗ ಅದ. ಒಂದೇ ಕಡಿ ಗಂಟಾಗಿಲ್ಲ, ಉದ್ದಕ್ಕೂ ತೆಳ್ಳಗ ಸವರಿದಂಗ ಅದ. ಅದೂ ಅಲ್ಲದ ಹೆಣ್ಮಕ್ಕಳ ನಾಳ ಮೊದಲೇ ಸಣ್ಣು. ಎಲ್ಲಾರಿಗೂ ಹಿಂಗೇ ಅಂತಲ್ಲ, ಗಂಡಸ್ರಿಗೂ ಹಿಂಗ ಆಗ್ತದ. ಆದ್ರ ಹೆಣ್ಮಕ್ಕಳದಾಗ ಭಾಳ ಸಲ ನೋಡೀನಿ. ನೋವೂ ಎದಿ ಬಿಟ್ಟು ಬೆನ್ನು, ದವಡಿ ಅಂತ ತಿರಗ್ತದ. ಅದಕ್ಕ ಪಿತ್ತ ಅಂತ ಹೆಸರಿಟ್ಟು ಮನ್ಯಾಗ ಕುಂಡ್ರಸ್ತೀರಿ."

ಸಾತಲಿಂಗಪ್ಪನವರು ಚಿತ್ರದ ಹತ್ತಿರ ಹೋಗಿ, ಕನ್ನಡಕ ಏರಿಸಿ, ಮಾಲು ನೋಡುವಂತೆ ನೋಡಿದರು. ಅವರಿಗೆ ತಿಳಿದ ಭಾಷೆ ಒಂದೇ, ಚಾದರದ ಭಾಷೆ.

"ತಿಳೀತ್ರಿ. ಚಾದರದಾಗ ಗಂಟು ಬಿದ್ರ ಗಿರಾಕಿ ಲಗೂನೇ ಹಿಡೀತಾನ. ಉದ್ದಕ್ಕೂ ನೂಲು ಸವದಿದ್ರ ಅಂಗಡ್ಯಾಗ ಯಾರಿಗೂ ಕಾಣಂಗಿಲ್ಲ. ಬೆಳಕಿಗಿ ಹಿಡದ್ರೇ ಕಾಣೂದು." ಕನ್ನಡಕ ಇಳಿಸಿ ಅಂದರು, "ನಾ ಬೆಳಕಿಗಿ ಹಿಡೀಲೇ ಇಲ್ಲ."

ಪುಣ್ಯಕ್ಕೆ ನಾಳದೊಳಗೆ ಸ್ಪ್ರಿಂಗಿನಂಥ ಸ್ಟೆಂಟು ಹಾಕುವ ಪ್ರಮೇಯ ಬರಲಿಲ್ಲ. ಗುಳಿಗೆಗಳು, ಪಥ್ಯ, ಡಾಕ್ಟರು ಹೇಳಿದಷ್ಟೇ ನಡಿಗೆ, ಸದ್ಯಕ್ಕೆ ಮೆಟ್ಟಿಲಿನ ಸಹವಾಸ ಬೇಡ. ಮುನ್ನೂರ ಹನ್ನೆರಡರ ಯುಗ ಮುಗಿಯಿತು. ಸೇಬುಗಳು ಅಂಗಡಿ ದಾಟಿ ಮೇಲಿನ ಮನೆಗೆ ಹೋಗತೊಡಗಿದವು. ನೋಡಲು ಬಂದ ಹೆಂಗಸರ ಮುಂದೆ ಗಿರಿಜಾಬಾಯಿಯವರು ಈಗ ಆ ಪದವನ್ನು ಗಲ್ಲಿಗೇ ಕೇಳುವಂತೆ ಆಡುತ್ತಾರೆ: "ಎದಿ! ಎದಿ ಅನ್ರಿ, ಪಿತ್ತ ಅನಬ್ಯಾಡ್ರಿ!" ಮೊದಲ ಸಲ ಕೇಳಿದ ದಿನ ಎದುರಿನ ಕಿರಾಣಿ ಅಂಗಡಿಯ ಅಮೃತಪ್ಪ ಸಕ್ಕರೆ ತೂಗುವಾಗ ಕೈತಪ್ಪಿ ಹೆಚ್ಚು ಹಾಕಿದನಂತೆ. ಅವನ ಅಂಗಡಿಯ ಇತಿಹಾಸದಲ್ಲೇ ಅದು ಮೊದಲು.

ಬುಟ್ಟಿ ಇನ್ನೂ ಇದೆ. ಆದರೆ ಈಗ ಅದು ಕೆಳಗಿನಿಂದ ತುಂಬಿ ಮೇಲಕ್ಕೆ ಹೋಗುತ್ತದೆ. ಮೊನ್ನೆ ಸಂಜೆ ಮೆಡಿಕಲ್ಲಿನಿಂದ ಗುಳಿಗೆ ತಂದು ಬುಟ್ಟಿಯಲ್ಲಿಟ್ಟ ಸಾತಲಿಂಗಪ್ಪನವರು ಕಿಟಕಿಯ ಕಡೆ ಮುಖ ಎತ್ತಿ ನಿಂತರು. ಕಿವಿ ಕೆಂಪಾಗಿತ್ತು. ಗಲ್ಲಿ ಕೆಲಸ ನಿಲ್ಲಿಸಿತು.

"ಮುಂಜಾನಿ ಒಂದು ಸಂಜಿಕ ಒಂದು ತಪ್ಪದೇ ತಗೋ ಗುಳಿಗಿ,
ಗಿರಿಜಾ, ನೀ ಇಲ್ಲದ ಅಂಗಡಿ ನಡ್ಯಂಗಿಲ್ಲ ಒಂದ ಘಳಿಗಿ."

ಅಮೃತಪ್ಪ ಸಿಳ್ಳೆ ಹಾಕಿದ. ಮೇಲೆ ಹಗ್ಗ ಎಳೆಯುತ್ತಿದ್ದ ರೂಪಾಲಿ ಬಾಯಿಗೆ ಸೆರಗು ಹಿಡಿದಳು. ಗಿರಿಜಾಬಾಯಿಯವರು ಮಾತ್ರ ಪರೀಕ್ಷಕರಂತೆ ಕಿಟಕಿಯಿಂದ ಬಗ್ಗಿದರು.

"ಅಂಗಡಿ ಅಂದ್ರಿ. ಮನಿ ಅನ್ಲಿಲ್ಲ."

"ಏ, ಅದು ಪ್ರಾಸ ಕೂಡೂದಕ್ಕ..."

"ಪ್ರಾಸ ಇರೂದು ಘಳಿಗ್ಯಾಗ. ಮನಿ ಅಂದ್ರೂ ಕೂಡ್ತದ." ಅವರು ಸೊಸೆಯ ಕೈ ತಡೆದರು. ಬುಟ್ಟಿ ನಡುಗಾಳಿಯಲ್ಲಿ ನಿಂತಿತು. "ಇನ್ನೊಮ್ಮಿ ಹೇಳ್ರಿ. ಅಲ್ಲಿ ತನಕ ಗುಳಿಗಿ ಅಲ್ಲೇ ಇರ್ಲಿ."