ಹವಳ ಅರಳಿದೆ ಎಂದಿದ್ದೆ

ಸಕ್ಕರೆ ಕಾಯಿಲೆಯಿಂದ ಅಣ್ಣನ ಕಣ್ಣು ಮಂಜಾಗುತ್ತ ಬಂದು, ಕೊನೆಗೆ ಅವನು ಹರಿಹರದ ತನ್ನ ಮೋಟಾರ್ ರಿವೈಂಡಿಂಗ್ ಅಂಗಡಿಯನ್ನು ಮುಚ್ಚಿದ. ತಂತಿಯ ಸುತ್ತುಗಳೇ ಅವನಿಗೆ ಕಾಣುತ್ತಿರಲಿಲ್ಲ. ಆಮೇಲೆ ಇಡೀ ದಿನ ಅವನು ನಡುಮನೆಯ ಅಕ್ವೇರಿಯಂ ಎದುರು ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದ. ಅದು ಸಮುದ್ರದ ಉಪ್ಪು ಬೆರೆಸಿದ ನೀರಿನ ತೊಟ್ಟಿ. ಎರಡು ಕಿತ್ತಳೆ ಬಣ್ಣದ ಮೀನು, ಒಂದಿಷ್ಟು ಕಲ್ಲು, ಮೇಲೆ ನೀಲಿ ದೀಪ. ಅವನಿಗೆ ಕಣ್ಣು ಇನ್ನೂ ಚೆನ್ನಾಗಿ ಕಾಣುತ್ತಿದ್ದಾಗ ಕಟ್ಟಿಕೊಂಡ ಹುಚ್ಚು ಅದು.

ಅತ್ತಿಗೆ ಶಾಲೆಯ ಟೀಚರು. ನನ್ನ ಆಫೀಸು ಹರಿಹರದಲ್ಲೇ ಇತ್ತು. ಸಂಜೆ ದಾವಣಗೆರೆಯ ಬಸ್ಸು ಹತ್ತಿ ಅಲ್ಲಿನ ವಿನೋಬನಗರದ ನನ್ನ ಮನೆಗೆ ಹೋಗುವ ಮೊದಲು ಅಣ್ಣನ ತೊಟ್ಟಿಯ ಕೆಲಸ ಮಾಡಿಕೊಡುತ್ತಿದ್ದೆ.

ಒಂದು ಶನಿವಾರ ಚೆನ್ನೈಯಿಂದ ಥರ್ಮಾಕೋಲ್ ಡಬ್ಬಿಯಲ್ಲಿ, ನೀರು ತುಂಬಿದ ಪ್ಲಾಸ್ಟಿಕ್ ಚೀಲದೊಳಗೆ ಒಂದು ಜೀವಂತ ಹವಳ ಬಂತು. ಮುಷ್ಟಿಯಷ್ಟು ಕಲ್ಲು, ಅದರ ತುದಿಯಲ್ಲಿ ಮುದುಡಿಕೊಂಡ ಹಸಿರು ಎಳೆಗಳು.

"ಅವಸರ ಮಾಡಬ್ಯಾಡ ತಂಗಿ," ಎಂದ ಅಣ್ಣ. "ಮೊದಲು ದೀಪ ಆರಿಸು. ಚೀಲ ಬಿಚ್ಚದೆ ನೀರಿನ ಮ್ಯಾಲೆ ತೇಲಿಬಿಡು. ಆ ನೀರಿನ ಬಿಸಿ, ಈ ನೀರಿನ ಬಿಸಿ ಒಂದಾಗ್ಲಿ."

ಅರ್ಧ ಗಂಟೆ ಕಳೆದ ಮೇಲೆ ಚೀಲದ ನೀರನ್ನು ಹವಳದ ಸಮೇತ ಬಕೆಟ್ಟಿಗೆ ಸುರಿದೆ. ಸಣ್ಣ ಪೈಪಿಗೆ ಗಂಟು ಹಾಕಿ ತೊಟ್ಟಿಯ ನೀರನ್ನು ಹನಿಹನಿಯಾಗಿ ಅದರೊಳಗೆ ಬಿಟ್ಟೆ. ಅಣ್ಣ ಪಕ್ಕದಲ್ಲಿ ಕೂತು ಹನಿ ಬೀಳುವ ಸದ್ದು ಕೇಳುತ್ತಿದ್ದ. ಸದ್ದು ಬಿರುಸಾದರೆ "ಗಂಟು ಬಿಗಿ ಮಾಡು" ಎನ್ನುತ್ತಿದ್ದ. ಒಂದು ಗಂಟೆಯಾದ ಮೇಲೆ ಹವಳವನ್ನು ಮಾತ್ರ ಎತ್ತಿ, ಅವನು ಹೇಳಿದಂತೆ ತಳದ ಮರಳಿನ ಮೂಲೆಯಲ್ಲಿ, ಬೆಳಕು ಕಡಿಮೆ ಇರುವ ಕಡೆ ಇಟ್ಟೆ.

"ಹದಿನೈದು ದಿನ ಅಲ್ಲೇ ಇರ್ಲಿ, ಬೆಳಕಿಗೆ ನಿಧಾನಕ್ಕೆ ಒಗ್ಗಬೇಕು. ಆಮೇಲೆ ಸ್ವಲ್ಪ ಸ್ವಲ್ಪ ಮ್ಯಾಲೆ ತರೋಣ."

ನಾಲ್ಕನೇ ದಿನ ಎಳೆಗಳು ಸ್ವಲ್ಪ ಹೊರಬಂದವು. "ಅರಳೈತೆ ಅಣ್ಣ," ಎಂದೆ. ಅವನು ಗಾಜಿಗೆ ಹಣೆ ಹಚ್ಚಿ ಬಹಳ ಹೊತ್ತು ನೋಡಿದ.

"ನನಗೆ ಬರೀ ಕತ್ತಲೆ ಕಾಣ್ತೈತೆ," ಎಂದ.

ಆ ಮಾತನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಪ್ರಖರ ಬೆಳಕಿನಲ್ಲಿ ಹೊಳೆಯುವುದು ಅವನಿಗೆ ಇನ್ನೂ ಮಸುಕಾಗಿ ಗೊತ್ತಾಗುತ್ತಿತ್ತು. ಅವನು ಊಟಕ್ಕೆ ಎದ್ದಾಗ ಹವಳವನ್ನು ಮೇಲಿನ ಕಲ್ಲಿನ ಮೇಲೆ, ನೇರ ದೀಪದ ಕೆಳಗೆ ಇಟ್ಟೆ. ಊಟ ಮುಗಿಸಿ ಬಂದವನು, "ಏನೋ ಹಸಿರು ಮಿಣುಕ್ತೈತಲ್ಲ," ಎಂದು ನಕ್ಕ. ಎಷ್ಟೋ ತಿಂಗಳ ಮೇಲೆ ಅವನು ನಕ್ಕದ್ದು. ಜಾಗ ಬದಲಿಸಿದ್ದನ್ನು ನಾನು ಹೇಳಲಿಲ್ಲ.

ಎರಡೇ ದಿನಕ್ಕೆ ಹವಳ ಬಿಳಿಚಿಕೊಂಡಿತು. ಗಾಬರಿಯಾಗಿ ಮತ್ತೆ ಕೆಳಗಿಟ್ಟೆ. ಎಳೆಗಳು ಒಳಗೆ ಸರಿದವು, ಕಂದು ಲೋಳೆ ಕಟ್ಟಿತು, ಮಾಂಸ ಕಲ್ಲಿನಿಂದ ಕಿತ್ತುಬರತೊಡಗಿತು. ದಿನವೂ ಅಣ್ಣ, "ಹೆಂಗೈತೆ?" ಎಂದು ಕೇಳುತ್ತಿದ್ದ. ದಿನವೂ ನಾನು, "ಚೆನ್ನಾಗೈತೆ, ಅರಳೈತೆ," ಎನ್ನುತ್ತಿದ್ದೆ.

ಒಂದು ಸಂಜೆ ನಾನು ಹೋದಾಗ ಅವನು ಅಂಗಿಯ ತೋಳು ಮಡಚಿ ತೊಟ್ಟಿಯೊಳಗೆ ಕೈ ಇಳಿಬಿಟ್ಟಿದ್ದ. ಮರಳಿನ ಮೇಲೆ ತಡಕಾಡಿ ಹವಳ ಹುಡುಕಿದ. ಅದರ ಒರಟು ಅಂಚುಗಳ ಮೇಲೆ ಬೆರಳಾಡಿಸಿದ. ಕೈ ಹೊರತೆಗೆದು ಮೂಸಿದ.

"ಇದು ಬರೀ ಕಲ್ಲು ತಂಗಿ. ಸತ್ತು ಎಷ್ಟು ದಿನ ಆತು?"

ನಡೆದದ್ದೆಲ್ಲ ಹೇಳಿದೆ. ಅವನು ಬೈಯಲಿಲ್ಲ. ಟವೆಲ್ಲಿನಿಂದ ಕೈ ಒರೆಸಿಕೊಂಡ.

"ಮ್ಯಾಲೆ ಇಟ್ಟಿದ್ದು ನನಗೋಸ್ಕರ ಅಂತ ಗೊತ್ತಾತು. ಆಮೇಲೆ ಸುಳ್ಳು ಯಾಕ ಹೇಳಿದಿ? ನೀನು ಹೇಳಿದ್ದು ಬಿಟ್ರೆ ನನಗೆ ಬೇರೆ ಏನು ಕಾಣ್ತಿತ್ತು?"

ಲೋಳೆ ಕಟ್ಟಿದ ಕಲ್ಲನ್ನು ಎತ್ತಿ ಹಿತ್ತಲಲ್ಲಿ ಹುಗಿದು ಬಂದೆ.

ಹೊಸ ಹವಳ ತರಿಸೋಣವೆಂದರೆ ಅವನು ಬೇಡವೆಂದ. ನಾನು ಮೊದಲಿನಂತೆಯೇ ಸಂಜೆ ಹೋಗುತ್ತಿದ್ದೆ, ನೀರು ಬದಲಿಸುತ್ತಿದ್ದೆ, ಅವನೂ ಪ್ರೀತಿಯಿಂದಲೇ ಮಾತಾಡುತ್ತಿದ್ದ. ಆದರೆ ಒಂದು ದಿನ ಮೀನು ಹೇಗಿವೆ ಎಂದು ಕೇಳಿದ. "ಎರಡೂ ಆಡ್ತಾ ಅದಾವೆ ಅಣ್ಣ," ಎಂದೆ. ಅವನು ಅಡುಗೆಮನೆಯ ಕಡೆ ಮುಖ ತಿರುಗಿಸಿ ಅತ್ತಿಗೆಯನ್ನು ಕೂಗಿದ.

"ಒಂದೀಟು ಬಂದು ನೋಡು. ಮೀನು ಎರಡೂ ಅದಾವೇನು?"