ಸಾಧಾರಣ ಒತ್ತಡ

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ಚೆನ್ನೈನ ಒಂದು ಮಹಿಳಾ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದೆ. ಮೇಲೆ ಬಿದ್ದ ಹೊರೆ ತನ್ನ ಶಕ್ತಿ ಮೀರಿದ್ದೆಂದು ಮನುಷ್ಯನಿಗೇ ಅನ್ನಿಸುವುದು ಒತ್ತಡ. ಕಾಯಿಲೆ ಇಲ್ಲದಿದ್ದರಷ್ಟೇ ಸಾಲದು, ದಿನದ ಬದುಕನ್ನು ನಿಭಾಯಿಸುವ ನೆಮ್ಮದಿಯೂ ಇದ್ದರೆ ಅದು ಆರೋಗ್ಯ. ಈ ಎರಡು ವ್ಯಾಖ್ಯೆಗಳನ್ನು ನಿದ್ದೆಗಣ್ಣಿನಲ್ಲೂ ಒಪ್ಪಿಸಬಲ್ಲವಳಾಗಿದ್ದೆ.

ನನ್ನ ಗಂಡ ಊರ ಉತ್ತರಕ್ಕಿರುವ ಮಣಲಿಯ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಮೇಲ್ವಿಚಾರಕರು. ಒಂದು ಮಧ್ಯಾಹ್ನ ಅಲ್ಲಿ ಸ್ಟೀಮ್ ಪೈಪು ಒಡೆಯಿತು. ಅದು ಸೋರುತ್ತಿದೆ, ನೋಡಿ ಬಾ ಎಂದು ಇವರೇ ಕಳಿಸಿದ್ದ ಫಿಟ್ಟರ್ ಮೈಯೆಲ್ಲ ಬೆಂದು, ನಾಲ್ಕನೇ ದಿನ ಆಸ್ಪತ್ರೆಯಲ್ಲಿ ತೀರಿಕೊಂಡ. ವಿಚಾರಣೆಯಲ್ಲಿ ಇವರದೇನೂ ತಪ್ಪಿಲ್ಲವೆಂದಾಯಿತು. ಕಾರ್ಖಾನೆಯ ಡಾಕ್ಟರು ಬಿ.ಪಿ. ನೋಡಿ, ಫಿಟ್ ಎಂದು ಬರೆದುಕೊಟ್ಟರು. ಮನೆಯಲ್ಲಿ ಕುಕ್ಕರ್ ಕೂಗಿದರೆ ಮಾತ್ರ ಇವರು ಎದ್ದು ಹೊರಗೆ ಹೋಗಿಬಿಡುತ್ತಿದ್ದರು.

ಒಂದು ಭಾನುವಾರ ನಾನು ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಪಕ್ಕದಲ್ಲಿ ಬಂದು ಕೂತರು.

"ನಂಗೆ ಕಂಪನಿ ಬಸ್ ಹತ್ತಕ್ಕೆ ಆಗ್ತಿಲ್ಲ ಕಣೆ. ಕಾಲೇ ಏಳಲ್ಲ."

"ಡಾಕ್ಟರು ಫಿಟ್ ಅಂದ್ರಲ್ಲ?"

"ಅವರು ಬಿ.ಪಿ. ನೋಡಿದ್ರು ಅಷ್ಟೆ. ನೀನು ಇದನ್ನೇ ಅಲ್ವಾ ಪಾಠ ಮಾಡೋದು? ನೀನು ಹೇಳು."

ತರಗತಿಯಲ್ಲಿ ಹುಡುಗಿಯರಿಗೆ ಕೊಡುವ ಒತ್ತಡದ ಪ್ರಶ್ನಾವಳಿಯೊಂದನ್ನು ಚೀಲದಿಂದ ತೆಗೆದು ಅವರ ಕೈಗಿಟ್ಟೆ. 'ಅಪರೂಪಕ್ಕೆ', 'ಆಗಾಗ', 'ಯಾವಾಗಲೂ', ಸರಿಯೆನಿಸಿದ್ದಕ್ಕೆ ಗುರುತು ಹಾಕಿ ಅಂದೆ. ಕನ್ನಡಕ ಹಾಕಿಕೊಂಡು ಪರೀಕ್ಷೆಗೆ ಕೂತವರ ಹಾಗೆ ಬರೆದರು. ನಾನು ಕೈಯಲ್ಲಿದ್ದ ಕೆಂಪು ಪೆನ್ನಿನಲ್ಲೇ ಅಂಕ ಕೂಡಿಸಿದೆ.

"ಸಾಧಾರಣ ಒತ್ತಡ, ಅಷ್ಟೇ. ಬೆಳಿಗ್ಗೆ ಸ್ವಲ್ಪ ವಾಕ್ ಹೋಗಿ."

"ಸರಿ" ಎಂದು ಎದ್ದುಹೋದರು.

ಬುಧವಾರ ನಾನು ಕಾಲೇಜಿನಿಂದ ಬಂದು ಬೀಗ ತೆಗೆಯುತ್ತಿದ್ದೆ. ಬಸ್ ಸ್ಟಾಪಿನ ಎದುರು ಹಣ್ಣು ಮಾರುವಾಕೆ ಇವರ ಕೈ ಹಿಡಿದುಕೊಂಡು ಬಂದಳು. ಬೆಳಿಗ್ಗೆ ಆರು ಗಂಟೆಯಿಂದ ಸ್ಟಾಪಿನಲ್ಲೇ ಕೂತಿದ್ದರಂತೆ. ಕಂಪನಿ ಬಸ್ಸು ಬಂದು ಹೋಗಿತ್ತು. ಪ್ಯಾಂಟು ಒದ್ದೆಯಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಆಕೆ, "ಅವರೈ ತಿಟ್ಟಾದೀಂಗಮ್ಮಾ" ಅಂದಳು. ಅವರನ್ನು ಬೈಯಬೇಡಿ ಎಂದು. ನನ್ನ ಮುಖದಲ್ಲಿ ಆಕೆಗೆ ಕಂಡದ್ದು ಅದು.

ಆಗಷ್ಟೇ ಶಾಲೆಯಿಂದ ಬಂದ ಮಗಳು ಅಪ್ಪನಿಗೇನಾಯಿತೆಂದು ತಮಿಳಿನಲ್ಲಿ ಕೇಳಿದಳು. ಹದಿನಾಲ್ಕು ವರ್ಷ ಪಾಠ ಹೇಳಿದ ನಾನು, ಯೂನಿಫಾರ್ಮ್ ಬದಲಿಸು ಹೋಗು ಎಂದು ಅವಳನ್ನು ಒಳಗೆ ಕಳಿಸಿದೆ.

ಬಟ್ಟೆ ಬದಲಿಸುವಾಗ ಇವರನ್ನು ಕೇಳಿದೆ. "ಆ ಹಾಳೇಲಿ ಯಾಕೆ ಸುಳ್ಳು ಬರೆದ್ರಿ?"

"ನೀನು ಗಡಿಯಾರ ನೋಡ್ತಾ ಇದ್ದೆ. ಎಲ್ಲಕ್ಕೂ 'ಯಾವಾಗಲೂ' ಅಂತ ಬರೆದ್ರೆ ನಿಂಗೆ ತೊಂದ್ರೆ ಆಗತ್ತೆ ಅನ್ನಿಸ್ತು."

ಆಮೇಲೆ ಗಿಂಡಿ ಬಡಾವಣೆಯಲ್ಲಿದ್ದ ಮನೋವೈದ್ಯರೊಬ್ಬರ ಬಳಿ ವರ್ಷವಿಡೀ ಹೋದೆವು. ಮೊದಲ ದಿನವೇ ಇವರು, "ಅವಳು ಹೊರಗಿರಲಿ" ಅಂದರು. ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ಪ್ರತಿ ಸಲವೂ ಅಲ್ಲೇ ಕೂತೆ. ಕೆಲಸ ಬಿಟ್ಟರು, ನಿಧಾನವಾಗಿ ಊಟ ಸೇರತೊಡಗಿತು, ಮಗಳ ಜೊತೆ ನಗುವುದೂ ಕೇಳಿಸಿತು. ಆ ಫಿಟ್ಟರನ ಬಗ್ಗೆ ಒಳಗೆ ಏನು ಹೇಳಿಕೊಂಡರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಒಂದು ಸಲ ಕೇಳಿದೆ.

"ಅಲ್ಲಿ ಹೇಳಿ ಆಯ್ತಲ್ಲ, ಬಿಡು" ಅಂದರು. ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು.