ವೀಸಾ ಬೇಡ, ಕರಡಿಗೆ ತೋರಿಸಿ

ಯಾವ ಕಾಗದವೂ ಬೇಡ ಎಂದು ಯಾರಾದರೂ ಹೇಳಿದರೆ ನನಗೆ ಎದೆ ಡವಡವ ಎನ್ನುತ್ತದೆ. ನಾನು ಸರ್ಕಾರಿ ಶಾಲೆಯ ಮಾಸ್ತರ. ಅರ್ಧ ದಿನದ ರಜೆಗೂ ಅರ್ಜಿ ಬರೆದು, ಅದರ ನಕಲು ಇಟ್ಟುಕೊಳ್ಳುವವನು. ಇನ್ನು ಕಾಗದವಿಲ್ಲದೆ ಪರದೇಶಕ್ಕೆ ಬಿಡುತ್ತಾರೆಂದರೆ ನಂಬುವುದು ಹೇಗೆ?

ಹೋದ ತಿಂಗಳು ಅವ್ವನನ್ನು ಕರೆದುಕೊಂಡು ನೇಪಾಳಕ್ಕೆ ಹೋಗಿಬಂದೆ. ಪಶುಪತಿನಾಥನನ್ನು ನೋಡಬೇಕೆಂಬುದು ಅವಳ ಬಹಳ ದಿನದ ಹಟ. ಆಳಂದದಿಂದ ಯಾತ್ರೆಯ ಬಸ್ಸು, ಹೊರಡಿಸಿದವರು ಜೇವರ್ಗಿಯ ಒಬ್ಬ ಏಜೆಂಟರು. ಅವರನ್ನು ನಾಲ್ಕು ಸಲ ಕೇಳಿದೆ. ವೀಸಾ? ಪಾಸ್‌ಪೋರ್ಟ್?

"ಏನೂ ಬ್ಯಾಡ್ರಿ ಮಾಸ್ತರ. ಖಜೂರಿ ದಾಟಿ ಮಹಾರಾಷ್ಟ್ರಕ್ಕ ಹೋಗಾಗ ಯಾರರ ಕಾಗದ ಕೇಳ್ತಾರೇನ್ರಿ? ಇದೂ ಹಂಗ ಅದ. ಬೆಳ್ಳಿ ಬಂಗಾರ ಅಷ್ಟ ಕಡಿಮಿ ತರ್ರಿ. ವಾಪಸ್ ಬರಾಗ ಕಸ್ಟಮ್ಸ್‌ನವರು ತಡಕ್ತಾರ."

ನಾನು ಅಂದೇ ತಹಸೀಲ್ ಕಚೇರಿಗೆ ಹೋಗಿ ರಹವಾಸಿ ಸರ್ಟಿಫಿಕೇಟ್ ಮಾಡಿಸಿದೆ. ಜೊತೆಗೆ ರೇಷನ್ ಕಾರ್ಡು, ಹೆಡ್‌ಮಾಸ್ತರರ ಪತ್ರ, ಮನೆಯ ಕರೆಂಟ್ ಬಿಲ್ಲು... ಹೀಗೆ ಏಳು ಕಾಗದ. ಏಳೂ ಅಚ್ಚ ಕನ್ನಡದಲ್ಲಿ! (ಅಲ್ಲಿ ಕನ್ನಡ ಓದುವವರು ಯಾರು ಎಂಬುದು ಹೊಳೆದದ್ದು ಸೊಲ್ಲಾಪುರ ದಾಟಿದ ಮೇಲೆ.) ನನ್ನ ಮೈಮೇಲಿದ್ದ ಬೆಳ್ಳಿ, ಬಂಗಾರವನ್ನೆಲ್ಲ ತೆಗೆದು ಅಲಮಾರಿಯಲ್ಲಿಟ್ಟು ಬೀಗ ಹಾಕಿದೆ.

ಗಡಿಯಲ್ಲಿ ಏನಾಯಿತು ಗೊತ್ತೇ? ನೇಪಾಳದ ಪೊಲೀಸನೊಬ್ಬ ಬಸ್ಸಿನೊಳಗೆ ಇಣುಕಿ "ಇಂಡಿಯನ್?" ಎಂದ. ಏಜೆಂಟರು ಹೌದೆಂದರು. ಮುಗಿಯಿತು! ಕಾಗದ ಹಿಡಿದು ಎದ್ದು ನಿಂತವನನ್ನು ಕೇಳುವವರೇ ಇಲ್ಲ.

ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಇಷ್ಟು ಸುಲಭವಾಗಿ ಒಳಗೆ ಬಿಟ್ಟವರು ಹೊರಗೆ ಬಿಡುತ್ತಾರೆಯೇ? ಕಠ್ಮಂಡುವಿನಲ್ಲಿ ನಾಲ್ಕು ದಿನ ಇದೇ ಚಿಂತೆ. ಪಶುಪತಿನಾಥನಿಗೆ ಕೈ ಮುಗಿಯುವಾಗಲೂ ಕಾಗದದ ಚೀಲ ನನ್ನ ಕಂಕುಳಲ್ಲೇ ಇತ್ತು.

ವಾಪಸು ಬರುವಾಗ, ಬೆಳಗಿನ ಎಂಟರ ಸುಮಾರಿಗೆ, ನಮ್ಮ ಕಡೆಯ ಕಸ್ಟಮ್ಸ್‌ನವರು ಎಲ್ಲರನ್ನೂ ಕೆಳಗಿಳಿಸಿದರು. ಆಫೀಸರನ ಕಣ್ಣು ಅವ್ವನ ಕೊರಳಿಗೆ ಬಿತ್ತು. ಸೆರಗಿನ ಮರೆಯಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಅವಳ ಇಷ್ಟಲಿಂಗ. "ಖೋಲೋ" ಎಂದು ಕೈ ಚಾಚಿದ.

ಅವ್ವ ಎರಡು ಹೆಜ್ಜೆ ಹಿಂದೆ ಸರಿದಳು. ಬಳೆಗಾರರ ಕೂಡ ಚೌಕಾಸಿ ಮಾಡಿ ಕಲಿತ ಉರ್ದು ಅವಳದು. "ಹಾತ್ ನಕ್ಕೊ ಲಗಾವ್!" ಎಂದಳು.

ಅವಳ ಲಿಂಗವನ್ನು ಬೇರೆಯವರ ಕೈ ಮುಟ್ಟುವಂತಿಲ್ಲ. ಕಸಿದುಕೊಂಡರಂತೂ ಅವ್ವ ಅನ್ನ ನೀರು ಬಿಡುತ್ತಾಳೆ. ಇದು ಬರೀ ಮಾತಲ್ಲ. ಹಿಂದೊಮ್ಮೆ ಹೊಲದಲ್ಲಿ ಶಿವದಾರ ಹರಿದು ಕರಡಿಗೆ ಬಿದ್ದಾಗ, ಅದು ಸಿಗುವವರೆಗೆ ಎರಡು ದಿನ ಹನಿ ನೀರು ಕುಡಿದಿರಲಿಲ್ಲ. ಆಗ ಅವಳಿಗೆ ನಲವತ್ತು. ಈಗ ಎಪ್ಪತ್ತು. ಊರು ಮೂರು ದಿನದ ಹಾದಿ. ನನಗೆ ನಿಜವಾಗಿಯೂ ಅಳು ಬಂತು.

ಏಳೂ ಕಾಗದಗಳನ್ನು ಮೇಜಿನ ಮೇಲೆ ಹರವಿದೆ. ಆಫೀಸರ್ ಒಂದನ್ನು ತಲೆಕೆಳಗಾಗಿ ಹಿಡಿದು ನೋಡಿ ಅಲ್ಲೇ ಇಟ್ಟ. ಇಂಥ ಡಬ್ಬಿಗಳಲ್ಲೇ ಬಂಗಾರ ಬರುತ್ತದೆ, ನೋಡದೆ ಬಿಡುವಂತಿಲ್ಲ ಎಂದ. (ತಪ್ಪೇನಿದೆ? ಅವನ ನೌಕರಿ ಅದು.)

ನಾನು ಬಂದಷ್ಟು ಹಿಂದಿಯಲ್ಲಿ ಭಾಷಣ ಶುರು ಮಾಡಿದೆ. ಇದು ಡಬ್ಬಿಯಲ್ಲ ಸಾಹೇಬರೇ, ದೇವರು. ನಮ್ಮ ಮನೆಯಲ್ಲಿ ಹುಟ್ಟಿದ ಕೂಸಿಗೂ ಕಟ್ಟುತ್ತೇವೆ. ಮಲಗಿದರೂ ತೆಗೆಯುವುದಿಲ್ಲ. ಉಸಿರು ಹೋದರೂ ಮೈಮೇಲಿಂದ ಇಳಿಸುವುದಿಲ್ಲ!

ಅವ್ವ ನನ್ನ ಮೊಣಕೈ ಹಿಡಿದಳು. "ನೀ ಸುಮ್ಕಿರು. ನಂದು ಇವತ್ತಿನ ಪೂಜಾ ಇನ್ನಾ ಆಗಿಲ್ಲ. ಇಲ್ಲೇ ಮಾಡ್ತೇನಿ. ಅಂವಾ ದೂರ ನಿಂತು ನೋಡ್ಲಿ. ಒಂದು ತಂಬಿಗಿ ನೀರು ತಗೊಂಡು ಬಾ."

ಕೈಕಾಲು ಮುಖ ತೊಳೆದು, ಕಸ್ಟಮ್ಸ್ ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ವಿಭೂತಿ ಹಚ್ಚಿಕೊಂಡಳು. ಕರಡಿಗೆ ತೆರೆದು ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡಳು. ಖಾಲಿ ಕರಡಿಗೆಯನ್ನು ಆಫೀಸರನಿಗೆ ಕಾಣುವಂತೆ ತೊಡೆಯ ಮೇಲಿಟ್ಟಳು. ನಮ್ಮ ಡ್ರೈವರ್ ಎರಡು ಸಲ ಹಾರ್ನ್ ಹೊಡೆದ. ಅವಳೇನು ಅವಸರ ಮಾಡುತ್ತಾಳೆಯೇ? ದಿನಾ ಮನೆಯಲ್ಲಿ ಎಷ್ಟು ಹೊತ್ತೋ ಅಷ್ಟೇ ಹೊತ್ತು. ನಾನು ಪಕ್ಕದಲ್ಲಿ ಬೆವರುತ್ತ ನಿಂತಿದ್ದೆ.

ಆಫೀಸರ್ ಎರಡೂ ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದ. ಬಂಗಾರವಿಲ್ಲ. "ಠೀಕ್ ಹೈ, ಮಾಜಿ" ಎಂದ.

ಐದು ದಿನದಿಂದ ಹಿಡಿದಿಟ್ಟ ಉಸಿರನ್ನು ಬಿಟ್ಟೆ. ಕಾಗದ ಬಾಚಿಕೊಂಡು ಬಸ್ಸಿನ ಕಡೆ ತಿರುಗಿದೆ.

"ಭಾಯಿಸಾಬ್," ಎಂದು ಅವನು ಕರೆದ. ಮನೆಯವರೆಲ್ಲ ಕಟ್ಟುತ್ತೇವೆ ಎಂದಿರಲ್ಲ, ನಿಮ್ಮದನ್ನೂ ತೋರಿಸಿಬಿಡಿ ಎಂದ.

ನನ್ನ ಕೈ ಎದೆಗೆ ಹೋಯಿತು. ಅಲ್ಲಿ ಬನಿಯನ್ ಬಿಟ್ಟರೆ ಏನೂ ಇರಲಿಲ್ಲ. ನನ್ನ ಕರಡಿಗೆ ಆಳಂದದ ಅಲಮಾರಿಯಲ್ಲಿ, ಬೀಗದೊಳಗೆ ಭದ್ರವಾಗಿತ್ತು. ಅಷ್ಟೂ ದಿನ ಸ್ನಾನ ಮಾಡಿ, ಹಣೆಗೆ ವಿಭೂತಿ ಬಳಿದುಕೊಂಡು, "ಪೂಜಾ ಆತಬೇ" ಎಂದು ಅವಳಿಗೆ ಸುಳ್ಳು ಹೇಳುತ್ತ ಬಂದಿದ್ದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಆಫೀಸರ್ ನಕ್ಕು, ಹೋಗಿ ಎಂದು ಕೈ ಬೀಸಿದ. ಅವ್ವ ನಗಲಿಲ್ಲ. ಕರಡಿಗೆ ಮುಚ್ಚಿ ಸೆರಗು ಸರಿಮಾಡಿಕೊಂಡಳು. ಕಂಕುಳಲ್ಲಿದ್ದ ನನ್ನ ಚೀಲವನ್ನೇ ನೋಡಿದಳು.

"ಯಾರೂ ಕೇಳದ ಏಳು ಕಾಗದ ಹೊತಗೊಂಡು ಬಂದಿ. ಬಿಡಬಾರದ್ದೊಂದನ್ನ ಮನ್ಯಾಗ ಬಿಟ್ಟು ಬಂದ್ಯೇನೋ?"